ಕಾಫಿಗೊಂದು ಮಗ್ಗುಲು, ಸೀರಿಯಲ್‌ಗೊಂದು ಮಗ್ಗುಲು: ಮನೆ ನರ್ಸಿಂಗ್‌ನಲ್ಲಿ ನನ್ನ ಅನುಭವ

ಬೆಂಗಳೂರಿನ ಹನುಮಂತನಗರದ ಒಂದು ಮನೆಯಲ್ಲಿ ನಾನು ನೋಡುತ್ತಿದ್ದ ತಾತನ ಬೆಡ್‌ಸೋರ್, ಅಂದರೆ ಒಂದೇ ಮಗ್ಗುಲಲ್ಲಿ ಮಲಗಿ ಮಲಗಿ ಒತ್ತಡಕ್ಕೆ ಆಗುವ ಹುಣ್ಣು, ಹೋದ ತಿಂಗಳು ಮುಚ್ಚಿತು. ಸೇಕ್ರಮ್ (ಸೊಂಟದ ಹಿಂದಿನ ಮೂಳೆ) ಮೇಲಿನ ಗ್ರೇಡ್ ಫೋರ್, ಎಲ್ಲಕ್ಕಿಂತ ಆಳದ ಹಂತ. ಮೊದಲ ಸಲ ಡ್ರೆಸಿಂಗ್ ಬಿಚ್ಚಿದಾಗ ಹೆಬ್ಬೆರಳು ಇಳಿಯುವಷ್ಟು ಗುಂಡಿ, ತಳದಲ್ಲಿ ಮೂಳೆ ತಗಲುತ್ತಿತ್ತು. ‘ಫ್ಲಾಪ್ ಮಾಡದೆ ಇದು ಮುಚ್ಚೋದಿಲ್ಲ, ಈ ವಯಸ್ಸಲ್ಲಿ ಫ್ಲಾಪ್ ಮಾಡೋಕೂ ಆಗೋದಿಲ್ಲ’ ಅಂತ ಸರ್ಜನ್ ಕೈಚೆಲ್ಲಿದ್ದರು. ಫ್ಲಾಪ್ ಅಂದರೆ ಪಕ್ಕದ ಚರ್ಮ, ಮಾಂಸ ಸರಿಸಿ ತಂದು ಗಾಯ ಮುಚ್ಚುವ ಆಪರೇಷನ್. ನನ್ನ ಹಳೇ ಆಸ್ಪತ್ರೆಯ ಇನ್‌ಚಾರ್ಜ್ ಸಿಸ್ಟರ್ ಫೋಟೋ ನೋಡಿ, ‘ಮನೇಲಾ? ಸುಮ್ನೆ ಕೂತ್ಕೊಳ್ಳೋ’ ಅಂದಿದ್ದರು. ಏಳೆಂಟು ತಿಂಗಳು ಹಿಡಿಯಿತು, ಆದರೆ ಮುಚ್ಚಿತು. ಈಗ ಅಲ್ಲಿ ತೆಳ್ಳಗೆ ಗುಲಾಬಿ ಬಣ್ಣದ ಚರ್ಮ ಬಂದಿದೆ. ಸಿಸ್ಟರ್‌ಗೆ ಆ ಫೋಟೋನೂ ಕಳಿಸಿದ್ದೇನೆ. ಬ್ಲೂ ಟಿಕ್ ಬಂದಿದೆ, ಉತ್ತರ ಇನ್ನೂ ಬಂದಿಲ್ಲ.

ಇದನ್ನು ನಮ್ಮ ಕೆಲಸದಲ್ಲೇ ಇರುವವರಿಗಾಗಿ ಬರೆಯುತ್ತಿದ್ದೇನೆ. ಬೆಡ್‌ಸೋರ್ ಅಪಾಯ ಅಳೆಯುವ ಬ್ರೇಡನ್ ಸ್ಕೋರ್ ಅಂದರೇನು, ಡ್ರೆಸಿಂಗ್ ಟ್ರೇ ಹೇಗೆ ಹಾಕಬೇಕು ಅಂತೆಲ್ಲ ಹೇಳುತ್ತಾ ಕೂರಲ್ಲ. ಮನೆ ಮನೆಗೆ ಹೋಗಿ ನರ್ಸಿಂಗ್ ಮಾಡಿ ಮರ್ಯಾದೆಯಾಗಿ ಬದುಕಬಹುದಾ, ಹಾಸಿಗೆ ಹಿಡಿದವರನ್ನು ನೆಟ್ಟಗೆ ನೋಡಿಕೊಳ್ಳಬಹುದಾ ಅನ್ನುವುದಷ್ಟೇ ವಿಷಯ. ಎರಡೂ ಆಗುತ್ತೆ. ಆಸ್ಪತ್ರೆಯಲ್ಲಿ ಕಲಿತ ಹಾಗೇ ಮಾಡಲು ಹೋದರೆ ಮಾತ್ರ ಆಗಲ್ಲ.

ನಾನು ತುಮಕೂರಲ್ಲಿ ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮುಗಿಸಿ 2012ರಲ್ಲಿ ಬೆಂಗಳೂರಿಗೆ ಬಂದವನು. ವಾರ್ಡಲ್ಲಿ ನಾನು ‘ಬ್ರದರ್’. ಊರಲ್ಲಿ ಮಾತ್ರ ‘ಗಂಡುಮಗ ಹೋಗಿ ಹೋಗಿ ನರ್ಸ್ ಆದ್ನಲ್ಲಪ್ಪ’. ಮೊದಲ ಸಂಬಳ ಎಂಟೂವರೆ ಸಾವಿರವೋ ಒಂಬತ್ತೋ, ಅದರಲ್ಲಿ ಹಾಸ್ಟೆಲ್ಲು ಮೆಸ್ಸು ಅಂತ ಎರಡು ಸಾವಿರ ಕಟ್. ಒರಿಜಿನಲ್ ಮಾರ್ಕ್ಸ್ ಕಾರ್ಡ್ ಆಸ್ಪತ್ರೆಯ ಬೀರುವಿನಲ್ಲಿ, ಎರಡು ವರ್ಷದ ಬಾಂಡ್ ಮೇಲೆ ನನ್ನ ಸಹಿ. ನಿಮ್ಮಲ್ಲಿ ಅರ್ಧ ಜನಕ್ಕೆ ಇದು ಗೊತ್ತಿರುವ ಕಥೆಯೇ. 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದಕ್ಕೆ ಕೇಂದ್ರ ಸರ್ಕಾರ ಒಂದು ಸಮಿತಿ ಮಾಡಿತಲ್ಲ, ಐವತ್ತು ಹಾಸಿಗೆಗಿಂತ ಚಿಕ್ಕ ಖಾಸಗಿ ಆಸ್ಪತ್ರೆಯಲ್ಲೂ ನರ್ಸ್‌ಗೆ 20,000ಕ್ಕಿಂತ ಕಡಿಮೆ ಕೊಡಬಾರದು, 200 ಹಾಸಿಗೆ ದಾಟಿದರೆ ಸರ್ಕಾರಿ ನರ್ಸ್‌ಗೆ ಸಮನಾಗಿ ಕೊಡಬೇಕು ಅಂತ ಅದು ಶಿಫಾರಸು ಮಾಡಿತು. ನಾವು ಡ್ಯೂಟಿ ರೂಮಲ್ಲಿ ಲಡ್ಡು ಹಂಚಿದೆವು. ಲಡ್ಡು ಖಾಲಿ ಆಯ್ತು, ಸಂಬಳ ಹಾಗೇ ಇತ್ತು. 2019ರಲ್ಲಿ ಬಿಡುವಾಗ ನನ್ನ ಕೈಗೆ ಬರುತ್ತಿದ್ದದ್ದು 21 ಸಾವಿರದ ಹತ್ತಿರ.

ಬ್ಯಾಚಲ್ಲಿದ್ದವರು ಒಬ್ಬೊಬ್ಬರಾಗಿ ಓಇಟಿ ಅನ್ನುವ ಇಂಗ್ಲಿಷ್ ಪರೀಕ್ಷೆ ಬರೆದು ಐರ್ಲೆಂಡ್, ಯುಕೆ ಅಂತ ಹೊರಟರು. ಒಬ್ಬ ಜರ್ಮನ್ ಭಾಷೆಯ ಬಿ2 ಹಂತ ಪಾಸು ಮಾಡಿ ಅಲ್ಲಿಗೆ ಹೋದ. ನನಗೂ ಆಸೆ ಇತ್ತು. ಕೋಚಿಂಗ್, ಪರೀಕ್ಷೆ ಫೀಸು, ಪೇಪರ್ ಕೆಲಸ ಎಲ್ಲ ಸೇರಿ ಆಗ ನನ್ನ ಹತ್ತಿರ ಇರದಷ್ಟು ದುಡ್ಡು ಬೇಕಿತ್ತು, ಅಷ್ಟೇ.

ಬಿಟ್ಟಿದ್ದು ಸಂಬಳಕ್ಕೊಂದೇ ಅಲ್ಲ. ನೈಟ್ ಡ್ಯೂಟಿಯಲ್ಲಿ ಒಬ್ಬನಿಗೆ ಹದಿನಾಲ್ಕು ಹದಿನೈದು ಪೇಷಂಟು. ಪೇಷಂಟಿನ ಮಗ್ಗುಲು ಬದಲಿಸಿದ್ದನ್ನು ಗುರುತು ಹಾಕುವ ಪೊಸಿಷನ್ ಚಾರ್ಟಲ್ಲಿ ರಾತ್ರಿ ಹನ್ನೆರಡು, ಎರಡು, ನಾಲ್ಕು, ಆರು ಅಂತ ಇರುತ್ತಲ್ಲ, ಆ ಟಿಕ್ಕೆಲ್ಲ ಬೆಳಿಗ್ಗೆ ಹ್ಯಾಂಡೋವರ್‌ಗೆ ಮುಂಚೆ ಒಂದೇ ಪೆನ್ನಲ್ಲಿ ಬೀಳುತ್ತಿತ್ತು. ಇಡೀ ವಾರ್ಡಿನದ್ದು. ನೀವು ಯಾರೂ ಹಾಕಿಲ್ಲ ಬಿಡಿ.

ಬಿಟ್ಟ ಮೇಲೆ ಮೊದಲು ಸೇರಿದ್ದು ಒಂದು ಹೋಮ್ ಕೇರ್ ಏಜೆನ್ಸಿಗೆ. ಹನ್ನೆರಡು ಗಂಟೆ ಶಿಫ್ಟ್. ಮನೆಯವರು ದಿನಕ್ಕೆ 1,500 ಕೊಡುತ್ತಿದ್ದರು, ನನ್ನ ಕೈಗೆ 800. ಆ ಹನ್ನೆರಡು ಗಂಟೆಯಲ್ಲಿ ನಿಜವಾದ ನರ್ಸಿಂಗ್ ಕೆಲಸ ಎಲ್ಲಾ ಕೂಡಿಸಿದರೂ ಒಂದೂವರೆ ಗಂಟೆ. ಉಳಿದಿದ್ದೆಲ್ಲ ಪ್ಲಾಸ್ಟಿಕ್ ಕುರ್ಚಿ, ಮೊಬೈಲು, ಆಮೇಲೆ ‘ಬ್ರದರ್, ಹಾಗೇ ಎರಡು ಕಟ್ಟು ಕೊತ್ತಂಬರಿ ತಂದುಬಿಡ್ತೀರಾ’. ಆ ಕುರ್ಚಿಯ ಮೇಲೆ ಕೂತೇ ಈ ಲೆಕ್ಕ ಹಾಕಿದ್ದು. ಒಂದೂವರೆ ಗಂಟೆ ಕೆಲಸಕ್ಕೆ ಹನ್ನೆರಡು ಗಂಟೆ ಯಾಕೆ ಮಾರಬೇಕು? ಒಂದು ಮನೆಗೆ ಮುಕ್ಕಾಲು ಗಂಟೆ ಹೋಗಿ, ಕೆಲಸ ಮಾಡಿ, ಮನೆಯವರಿಗೆ ಕಲಿಸಿ ಬಂದರೆ ದಿನಕ್ಕೆ ಐದಾರು ಮನೆ ಆಗುತ್ತಲ್ವಾ?

ಹೇಳಿದವರೆಲ್ಲ ಬೇಡ ಅಂದರು. ಏಜೆನ್ಸಿಯ ಕೋಆರ್ಡಿನೇಟರ್ ಅಂತೂ, ‘ಕಲಿಸಿಬಿಟ್ಟರೆ ಆಮೇಲೆ ನಿನ್ನನ್ನ ಯಾಕಪ್ಪ ಕರೀತಾರೆ’ ಅಂದ. ಮಾತಲ್ಲಿ ನ್ಯಾಯ ಇತ್ತು. ಮೊದಲ ಆರು ತಿಂಗಳು ಆಗಿದ್ದೂ ಹಾಗೇ.

ವಿಸಿಟ್‌ಗೆ 300 ಅಂತ ಶುರು ಮಾಡಿದೆ. ಯಾರು ಕರೆದರೂ ಓಡಿದೆ. ಬೆಳಿಗ್ಗೆ ಯಲಹಂಕ, ಮಧ್ಯಾಹ್ನ ಎಲೆಕ್ಟ್ರಾನಿಕ್ ಸಿಟಿ, ಸಂಜೆ ರಾಜಾಜಿನಗರ. ಸಿಲ್ಕ್ ಬೋರ್ಡ್ ಜಂಕ್ಷನ್ನಲ್ಲಿ ನಿಂತು ನಿಂತು ಸ್ಕೂಟರಿನ ಪೆಟ್ರೋಲ್ ಜೊತೆ ನನ್ನ ಲೆಕ್ಕವೂ ಸುಟ್ಟುಹೋಯಿತು. ದಿನಕ್ಕೆ ಮೂರು ಮನೆ ದಾಟುತ್ತಿರಲಿಲ್ಲ. ಒಂದು ತಿಂಗಳು ಎಲ್ಲ ಕಳೆದು ಉಳಿದದ್ದು ಹನ್ನೊಂದು ಸಾವಿರ ಅಂತ ನೆನಪು. ನಿಮ್ಮಲ್ಲಿ ಯಾರಾದರೂ ಇದಕ್ಕೆ ಇಳಿಯುವುದಾದರೆ ಇದೊಂದನ್ನು ಕೇಳಿ: ಮೊದಲು ಏರಿಯಾ ಕಟ್ಟಿಕೊಳ್ಳಿ. ನಾನೀಗ ಬಸವನಗುಡಿ, ಹನುಮಂತನಗರ, ಶ್ರೀನಗರ, ಗಿರಿನಗರ, ಬನಶಂಕರಿ ಎರಡನೇ ಹಂತ, ಈ ಕಡೆ ಜಯನಗರ. ಇಷ್ಟೇ. ಮಲ್ಲೇಶ್ವರದಿಂದ ಡಬಲ್ ಕೊಡ್ತೀವಿ ಅಂದರೂ ಹೋಗಲ್ಲ. ಈ ಕಡೆ ಹಳೇ ಮನೆಗಳು ಜಾಸ್ತಿ, ಮನೆಗೊಬ್ಬರು ವಯಸ್ಸಾದವರು ಇದ್ದೇ ಇರುತ್ತಾರೆ, ಮಕ್ಕಳು ಅಮೆರಿಕದಲ್ಲೋ ವೈಟ್‌ಫೀಲ್ಡಲ್ಲೋ. ಎರಡೂ ಒಂದೇ ದೂರ ಬಿಡಿ.

ಕಲಿಸುವ ಪದ್ಧತಿ ಬಂದಿದ್ದು ಯಾವ ದೊಡ್ಡ ಯೋಚನೆಯಿಂದಲೂ ಅಲ್ಲ. ನಾನು ಗಂಡಸು ಆದ್ದರಿಂದ ಬಂತು. ಕರೆ ಬರುವುದರಲ್ಲಿ ಮುಕ್ಕಾಲು ಪಾಲು ಅಜ್ಜಿಯರದ್ದು. ಎಂಬತ್ತು ದಾಟಿದ ಅಜ್ಜಿ, ಮಾತೇ ಆಡದವರು, ನನ್ನನ್ನು ನೋಡಿದ ತಕ್ಷಣ ಸೆರಗು ಹಿಡಿದುಕೊಳ್ಳುತ್ತಿದ್ದರು. ಅದರ ಮೇಲೆ ಬಲವಂತ ಮಾಡುವುದು ನರ್ಸಿಂಗ್ ಅಲ್ಲ. ಹಾಗಾಗಿ ನಾನು ಬಾಗಿಲ ಪರದೆ ಆಚೆ ನಿಂತು ಸೊಸೆಗೋ ಮಗಳಿಗೋ ಹೇಳುವುದು, ಅವರು ಮಾಡುವುದು. ‘ಅಕ್ಕಾ, ಭುಜಕ್ಕೆ ಒಂದು ಕೈ, ಸೊಂಟಕ್ಕೆ ಒಂದು ಕೈ, ಎಳೀಬೇಡಿ, ನಿಮ್ಮ ಕಡೆ ಉರುಳಿಸಿಕೊಳ್ಳಿ. ಮೊದಲು ಅಜ್ಜಿಗೆ ಹೇಳಿ, ಆಮೇಲೆ ಮುಟ್ಟಿ.’ ಗಾಯದ ಫೋಟೋ ಮಾತ್ರ ನನಗೆ, ಅದೂ ಅಜ್ಜಿ ಒಪ್ಪಿದರೆ. ಪರದೆ ಆಚೆಯಿಂದ ಹೇಳುವಾಗ ಒಂದು ವಿಷಯ ಗೊತ್ತಾಯ್ತು. ಕೈಯಲ್ಲಿ ಮಾಡಿ ತೋರಿಸಿದರೆ ಜನ ನೋಡುತ್ತಾರೆ, ಮರೆಯುತ್ತಾರೆ. ಬಾಯಲ್ಲಿ ಹೇಳಿ ಅವರ ಕೈಯಲ್ಲೇ ಮಾಡಿಸಿದರೆ ಮರೆಯಲ್ಲ.

ಆಮೇಲೆ 2020ರ ಮಾರ್ಚ್ 25. ಲಾಕ್‌ಡೌನ್. ಮನೆ ಒಳಗೆ ಯಾರೂ ಬಿಡಲ್ಲ, ಏಜೆನ್ಸಿ ಕೇರ್‌ಟೇಕರ್‌ಗಳು ಊರಿಗೆ ಹೋಗಿಬಿಟ್ಟರು. ನನ್ನ ಹತ್ತಿರ ಇದ್ದ ನಾಲ್ಕೈದು ಮನೆಗೆ ವಿಡಿಯೋ ಕಾಲಲ್ಲೇ ಹೇಳಿಕೊಟ್ಟೆ. ದುಡ್ಡು? ಒಂದೆರಡು ಮನೆಯವರು ಗೂಗಲ್ ಪೇ ಮಾಡಿದರು, ಉಳಿದವರು ‘ಮುಗೀಲಿ ಬ್ರದರ್, ಆಮೇಲೆ ನೋಡೋಣ’. ಒಬ್ಬರದ್ದು ಈಗಲೂ ನೋಡೋಣದಲ್ಲೇ ಇದೆ. ಆದರೆ ಆ ಎರಡು ತಿಂಗಳಲ್ಲಿ ಒಂದು ಮನೆಯಲ್ಲೂ ಹೊಸ ಗಾಯ ಆಗಲಿಲ್ಲ. ದಿನಕ್ಕೆ 1,500 ಕೊಟ್ಟು ಕೇರ್‌ಟೇಕರ್ ಇದ್ದಾಗ ಆಗುತ್ತಿದ್ದ ಮನೆಗಳವು. ಅವತ್ತು ಧೈರ್ಯ ಬಂತು. 2021ರ ಎರಡನೇ ಅಲೆ ಮುಗಿದ ಮೇಲೆ ಐಸಿಯುನಿಂದ ಬೆನ್ನು ಗಾಯ ಮಾಡಿಕೊಂಡು ಬಂದವರ ಕರೆ ಒಂದರ ಹಿಂದೆ ಒಂದು.

ಈಗ ಮಗ್ಗುಲು ಬದಲಿಸುವ ವಿಷಯಕ್ಕೆ ಬರುತ್ತೇನೆ, ಇದರಲ್ಲೇ ನಾನು ಜಾಸ್ತಿ ಪೆಟ್ಟು ತಿಂದಿದ್ದು. ಎರಡು ಗಂಟೆಗೊಮ್ಮೆ ಅಂತ ನಾವೆಲ್ಲ ಓದಿದ್ದೀವಿ, ಬರೆದು ಮಾರ್ಕ್ಸ್ ತಗೊಂಡಿದ್ದೀವಿ. ಮನೆಯಲ್ಲಿ ಅದು ನಡೆಯಲ್ಲ. ಮೊದಲು ಚಾರ್ಟ್ ಪ್ರಿಂಟ್ ಹಾಕಿಸಿ ಗೋಡೆಗೆ ಅಂಟಿಸಿದೆ. ಒಂದು ವಾರ ಚೆನ್ನಾಗಿ ನಡೆಯಿತು, ಎರಡನೇ ವಾರ ಟಿಕ್ಕೆಲ್ಲ ಒಂದೇ ಪೆನ್ನಲ್ಲಿ! ನಗು ಬಂತು, ನಮ್ಮ ವಾರ್ಡೇ ನೆನಪಾಯಿತು. ಆಮೇಲೆ ಮೊಬೈಲ್ ಅಲಾರಂ ಇಡಿಸಿದೆ. ಮೂರು ದಿನ. ನಾಲ್ಕನೇ ದಿನ ಅಲಾರಂ ಹೊಡೆದರೆ ಆಫ್ ಮಾಡುವುದೇ ಅಭ್ಯಾಸ ಆಗಿಹೋಗಿತ್ತು. ಒಂದು ಮನೆಯಲ್ಲಿ ಮಗ ಅಮೆರಿಕದಿಂದ ಕ್ಯಾಮೆರಾ ಹಾಕಿಸಿ ಅಲ್ಲಿಂದಲೇ ‘ಟರ್ನ್ ಮಾಡಿ, ಟರ್ನ್ ಮಾಡಿ’ ಅಂತ ಫೋನು ಮಾಡುತ್ತಿದ್ದ. ಹೆಂಗಸರು ಕ್ಯಾಮೆರಾಗೆ ಟವಲ್ ಹೊದಿಸಿದರು. ಸರಿ ಮಾಡಿದರು.

ಕೊನೆಗೆ ಗಡಿಯಾರದ ಸಹವಾಸವೇ ಬಿಟ್ಟೆ. ಈಗ ಮೊದಲ ವಿಸಿಟಲ್ಲಿ ಗಾಯ ನೋಡುವುದಕ್ಕೆ ಮುಂಚೆ ಒಂದು ಹಾಳೆ ತಗೊಂಡು ಕೂತು, ಈ ಮನೆಯಲ್ಲಿ ದಿನಾ ತಪ್ಪದೆ ನಡೆಯುವುದು ಏನೇನು ಅಂತ ಕೇಳುತ್ತೇನೆ. ಹಾಲು ಎಷ್ಟೊತ್ತಿಗೆ ಬರುತ್ತೆ? ಕಾಫಿ? ಕೆಲಸದವರು ಯಾವಾಗ ಬರುತ್ತಾರೆ? ದೀಪ ಹಚ್ಚುವುದು? ಯಾವ ಸೀರಿಯಲ್ಲು, ಎಷ್ಟೊತ್ತಿಗೆ? ರಾತ್ರಿ ಯಾರು ಏಳುತ್ತಾರೆ? ಮಗ್ಗುಲನ್ನು ಅದಕ್ಕೆ ಗಂಟು ಹಾಕುವುದು. ಹನುಮಂತನಗರದ ಮನೆಯಲ್ಲಿ ಬೆಳಿಗ್ಗೆ ಐದೂವರೆ ಕಾಫಿಗೆ ಎಡಕ್ಕೆ. ಎಂಟಕ್ಕೆ ತಿಂಡಿ, ಆಗ ಒರಗಿಸಿ ಕೂರಿಸುವುದು, ಅದೂ ಅರ್ಧ ಗಂಟೆ ದಾಟದೆ. ಜಾರಿ ಜಾರಿ ಕೂತರೆ ಶಿಯರ್ ಆಗಿ, ಅಂದರೆ ಚರ್ಮ ಒಂದು ಕಡೆ ಮೂಳೆ ಒಂದು ಕಡೆ ಎಳೆದು, ಮಾಡಿದ್ದೆಲ್ಲ ಹಾಳು. ಮುಗಿದ ತಕ್ಷಣ ಬಲಕ್ಕೆ. ಹತ್ತಕ್ಕೆ ಕೆಲಸದವರು ಬಂದಾಗ ಎಡಕ್ಕೆ, ಆಗ ಇನ್ನೊಂದು ಜೊತೆ ಕೈ ಸಿಗುತ್ತೆ ನೋಡಿ. ಊಟ, ಮಧ್ಯಾಹ್ನದ ಕಾಫಿ, ದೀಪ, ಸೀರಿಯಲ್, ಮಲಗುವ ಹೊತ್ತು. ಮಗನಿಗೆ ಶುಗರ್ ಇದೆ, ಹೇಗೂ ರಾತ್ರಿ ಎರಡರ ಹೊತ್ತಿಗೆ ಬಾತ್‌ರೂಮಿಗೆ ಏಳುತ್ತಾರೆ. ಆಗ ಒಂದು ಮಗ್ಗುಲು. ಏರ್ ಬೆಡ್ (ಪಂಪಿನಿಂದ ಗಾಳಿ ತುಂಬುವ ಹಾಸಿಗೆ) ಸರಿಯಾಗಿ ಕೆಲಸ ಮಾಡುತ್ತಿದ್ದರೆ ರಾತ್ರಿ ನಾಲ್ಕು ಗಂಟೆ ಅಂತರ ತಡೆಯುತ್ತೆ, ಬೆಳಿಗ್ಗೆ ಕೆಂಪಗಾಗಿದೆಯಾ, ಒತ್ತಿದರೆ ಬಿಳಚಿಕೊಳ್ಳುತ್ತಾ ಅಂತ ನೋಡಿ ನಿರ್ಧಾರ ಮಾಡಬೇಕು. ಚರ್ಮ ತಡೆಯದಿದ್ದರೆ ಅಂತರ ಕಡಿಮೆ.

ಕಾಫಿ ಯಾವ ಮನೆಯಲ್ಲೂ ತಪ್ಪಲ್ಲ, ಹಾಗಾಗಿ ಮಗ್ಗುಲೂ ತಪ್ಪಲ್ಲ. ಇಷ್ಟೇ ನನ್ನ ‘ಮೆಥಡ್’. ಕೇಳಿದರೆ ತಮಾಷೆ ಅನ್ಸುತ್ತೆ. ಹೋದ ವರ್ಷ ಒಂದು ನರ್ಸಿಂಗ್ ಕಾಲೇಜಿನ ಮೇಡಂಗೆ ಹೇಳಿದಾಗ ‘ಎವಿಡೆನ್ಸ್ ಎಲ್ಲಿ’ ಅಂದರು. ತಾತನ ಬೆನ್ನು ತೋರಿಸಬಹುದು, ಬೇರೆ ಎವಿಡೆನ್ಸ್ ಇಲ್ಲ.

ಈ ತಾತನ ಬಗ್ಗೆ ಸ್ವಲ್ಪ ಹೇಳಲೇಬೇಕು. ಜಾಲಹಳ್ಳಿಯ ಎಚ್‌ಎಂಟಿ ವಾಚ್ ಫ್ಯಾಕ್ಟರಿಯಲ್ಲಿ ಅಸೆಂಬ್ಲಿಯಲ್ಲಿದ್ದವರು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿ ಜೊತೆ ಶುರುವಾದ ಫ್ಯಾಕ್ಟರಿ ಅದು, ಅದರ ಕಥೆ ಎಷ್ಟು ಸಲ ಕೇಳಿದ್ದೇನೋ ಲೆಕ್ಕ ಇಲ್ಲ. ಸ್ಟ್ರೋಕ್ ಆಗಿ ಎಡಗಡೆ ಪೂರ್ತಿ ಬಿದ್ದಿದೆ, ಮಾತು ಚೆನ್ನಾಗಿದೆ. ಜಾಸ್ತಿನೇ ಚೆನ್ನಾಗಿದೆ. ಶುರುವಿನಲ್ಲಿ ಬಲ ಮಗ್ಗುಲಿಗೆ ತಿರುಗಿಸಿದರೆ ಸಾಕು, ಬೈಗುಳ. ಐದು ನಿಮಿಷದಲ್ಲಿ ಒದ್ದಾಡಿ ದಿಂಬು ಕೆಡವಿ ಮತ್ತೆ ಅಂಗಾತ. ಮನೆಯವರು ‘ತಾತಂಗೆ ಹಟ’ ಅಂತ ಬಿಟ್ಟುಬಿಟ್ಟಿದ್ದರು. ನೋವಿರಬಹುದಾ ಅಂತ ಭುಜ ನೋಡಿದೆ, ಸೊಂಟ ನೋಡಿದೆ, ಏನೂ ಇಲ್ಲ. ಒಂದು ದಿನ ಸುಮ್ನೆ ಅವರ ಪಕ್ಕ ನಾನೂ ಬಲಕ್ಕೆ ತಿರುಗಿ ಮಂಚದ ಅಂಚಿಗೆ ತಲೆ ಇಟ್ಟು ನೋಡಿದೆ. ಮೂಗಿನ ಮುಂದೆ ಒಂದು ಗೇಣು ದೂರದಲ್ಲಿ ಗೋಡೆ. ಸುಣ್ಣ ಎದ್ದ ಗೋಡೆ, ಬೇರೇನೂ ಇಲ್ಲ. ಎರಡು ಗಂಟೆ ಅದನ್ನು ನೋಡು ಅಂದರೆ ನಾನೂ ಬೈತೀನಿ.

ಮಂಚವನ್ನು ಗೋಡೆಯಿಂದ ಬಿಡಿಸಿ ನಡುವಿಗೆ ತಂದು ತಿರುಗಿಸಿ ಹಾಕಿದೆವು. ಎಡಕ್ಕೆ ತಿರುಗಿದರೆ ಕಿಟಕಿ, ರೋಡು, ಸೊಪ್ಪಿನವಳು. ಬಲಕ್ಕೆ ತಿರುಗಿದರೆ ಅಡುಗೆಮನೆ ಬಾಗಿಲು, ಅಜ್ಜಿ ಒಗ್ಗರಣೆ ಹಾಕುವುದು ಕಾಣುತ್ತೆ, ಸಾರಿಗೆ ಹುಳಿ ಜಾಸ್ತಿ ಆಯ್ತು ಅಂತ ಅಲ್ಲಿಂದಲೇ ಹೇಳಬಹುದು. ಹಟ ಅವತ್ತೇ ನಿಂತಿತು. ಇದಕ್ಕೆ ಖರ್ಚು ಸೊನ್ನೆ. ಅದಕ್ಕೆ ಮುಂಚೆ ಆ ಮನೆಯವರು ಸ್ಪ್ರೇ, ಪೌಡರು, ಬೆಳ್ಳಿ ಆಯಿಂಟ್ಮೆಂಟು ಅಂತ ನಲವತ್ತು ಸಾವಿರದ ಹತ್ತಿರ ಸುರಿದಿದ್ದರು.

ಎಡಗೈಯಲ್ಲಿದ್ದ ಎಚ್‌ಎಂಟಿ ವಾಚಿನ ಬೆಲ್ಟು ಊದಿದ ಕೈಗೆ ಒತ್ತಿ ಗುರುತು ಮಾಡುತ್ತಿತ್ತು. ಬಿಚ್ಚಲು ಬಿಡಲಿಲ್ಲ, ಬಲಗೈಗೆ ಹಾಕಿದೆವು. ಕೀ ಕೊಡುವ ವಾಚು, ಬೆಳಿಗ್ಗೆ ಅಜ್ಜಿ ಕೀ ಕೊಡುತ್ತಾರೆ. ‘ತಾತ, ಟೈಂ ಜವಾಬ್ದಾರಿ ನಿಮ್ಮದು, ಇವರು ಮರೆತರೆ ಕೂಗಬೇಕು’ ಅಂದೆ. ಇನ್ನು ಕೇಳಬೇಕಾ. ಸೀರಿಯಲ್ ಮಧ್ಯೆ ಅಡ್ವರ್ಟೈಸ್ಮೆಂಟ್ ಬಂದ ತಕ್ಷಣ ‘ಮಗ್ಗುಲು!’ ಅಂತ ಒಂದು ಕೂಗು, ಪಕ್ಕದ ಮನೆಗೆ ಕೇಳಬೇಕು.

ಡ್ರೆಸಿಂಗ್ ಬಗ್ಗೆ ಹೇಳಲು ಹೆಚ್ಚಿಲ್ಲ. ಸತ್ತ ಮಾಂಸ ಸರ್ಜನ್ನೇ ಬಿಡಿಸಿ ಕೊಟ್ಟಿದ್ದರು, ಮೂಳೆಗೆ ಸೋಂಕು ಇಳಿದಿಲ್ಲ ಅಂತಲೂ ನೋಡಿಕೊಂಡಿದ್ದರು. ಅದಿಲ್ಲದೆ ನಾನು ಕೈ ಹಾಕಲ್ಲ. ಸೇಲೈನಲ್ಲಿ ತೊಳೆದು, ಗುಂಡಿಯನ್ನು ಹಗುರವಾಗಿ ತುಂಬಿ ಮುಚ್ಚುವುದು. ಕಾಸಿಲ್ಲದ ಮನೆಯಲ್ಲಿ ಅರ್ಧ ಲೀಟರ್ ನೀರು ಕುದಿಸಿ ಒಂದು ಟೀ ಚಮಚ ಉಪ್ಪು ಹಾಕಿ ಆರಿಸಿ, ಅವತ್ತೇ ಬಳಸಿ ಮಿಕ್ಕಿದ್ದು ಚೆಲ್ಲುವುದು. ನೋವಿನ ಮಾತ್ರೆ ಡ್ರೆಸಿಂಗ್‌ಗೆ ಮುಕ್ಕಾಲು ಗಂಟೆ ಮೊದಲು, ಡಾಕ್ಟರ್ ಬರೆದದ್ದು. ವಾರ್ಡಲ್ಲಿ ಇದನ್ನು ಯಾರೂ ಮಾಡುವುದನ್ನು ನಾನು ನೋಡಿಲ್ಲ, ಅಂಟಿದ ಗಾಜ್ ಚರಕ್ ಅಂತ ಕಿತ್ತು ‘ಆಯ್ತು ಆಯ್ತು’ ಅನ್ನುವುದೇ ನೋಡಿದ್ದು. ಟ್ಯೂಬು ಥರ ರಿಂಗ್ ದಿಂಬು ಮಾತ್ರ ಯಾರ ಮನೆಯಲ್ಲಿ ಕಂಡರೂ ನಾನೇ ಎತ್ತಿ ಅಟ್ಟಕ್ಕೆ ಹಾಕುತ್ತೇನೆ. ಕೆಂಪಗಾದ ಕಡೆ ತಿಕ್ಕಿ ಮಸಾಜ್ ಮಾಡುವ ಆಯಮ್ಮಂದಿರ ಜೊತೆ ಜಗಳ ಇನ್ನೂ ನಡೆಯುತ್ತಲೇ ಇದೆ.

ಅಳತೆಗೆ ನನ್ನದೇ ಒಂದು ದಾರಿ. ವಾರಕ್ಕೊಮ್ಮೆ ಗಾಯದ ಮೇಲೆ ಶುದ್ಧವಾದ ತೆಳ್ಳನೆ ಪ್ಲಾಸ್ಟಿಕ್ ಶೀಟ್ ಎರಡು ಪದರ ಇಟ್ಟು ಮಾರ್ಕರಲ್ಲಿ ಅಂಚು ಬರೆದುಕೊಳ್ಳುವುದು, ಗಾಯಕ್ಕೆ ತಗಲಿದ ಪದರ ಬಿಸಾಕಿ ಮೇಲಿನ ಪದರ ಇಟ್ಟುಕೊಳ್ಳುವುದು. ಅದನ್ನು ಮಕ್ಕಳ ಗ್ರಾಫ್ ಪುಸ್ತಕದ ಮೇಲಿಟ್ಟು ಚೌಕ ಎಣಿಸುವುದು. ಮನೆಯವರಿಗೆ ಫೋಟೋ ತೋರಿಸಿದರೆ ಮುಖ ತಿರುಗಿಸುತ್ತಾರೆ. ಚೌಕ ಎಣಿಸಲು ಕೊಟ್ಟರೆ ಮೊಮ್ಮಗಳು ಓಡಿ ಬರುತ್ತಾಳೆ. ತಾತನದ್ದು ಮೊದಲ ಎರಡು ತಿಂಗಳು ಒಂದು ಚೌಕವೂ ಇಳಿಯಲಿಲ್ಲ, ತಳ ಮಾತ್ರ ಕೆಂಪಾಗಿ ಮೇಲೆ ಬರುತ್ತಿತ್ತು. ಆಗ ಕೈಬಿಡಬಾರದು.

ಇಳಿಯದಿದ್ದಕ್ಕೆ ಕಾರಣ ಊಟ. ಅರುವತ್ತು ಕೆಜಿ ಮನುಷ್ಯನಿಗೆ ಇಂಥ ಗಾಯ ಇದ್ದರೆ ದಿನಕ್ಕೆ 75ರಿಂದ 90 ಗ್ರಾಂ ಪ್ರೋಟೀನ್ ಬೇಕು. ಅನ್ನ, ಸಾರು, ಮಜ್ಜಿಗೆಯಲ್ಲಿ ಅದರ ಅರ್ಧವೂ ಇರಲ್ಲ. ಮೊಟ್ಟೆ ಅನ್ನುವ ಮಾತೇ ಆ ಮನೆಯಲ್ಲಿ ಎತ್ತುವಂತಿಲ್ಲ. ಕಿಡ್ನಿ ಸರಿ ಇದೆ ಅಂತ ಡಾಕ್ಟರ್ ಹೇಳಿದ ಮೇಲೆ, ಅಂಬಲಿಗೆ ಹಾಲಿನ ಪುಡಿ, ಸಾರಿಗೆ ಎರಡರಷ್ಟು ಬೇಳೆ, ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಗಟ್ಟಿ ಮೊಸರು, ಉಪ್ಪಿಟ್ಟಲ್ಲಿ ಪನೀರ್ ತುರಿ. ಪನೀರ್ ಉಪ್ಪಿಟ್ಟಿಗೆ ತಾತ ಇಟ್ಟ ಹೆಸರು ಇಲ್ಲಿ ಬರೆಯುವಂತಿಲ್ಲ. ಆದರೆ ತಿಂದರು.

ಮಧ್ಯೆ ಕೆಲವು ಪ್ರಯೋಗಗಳೂ ಆದವು. ಮೂವತ್ತು ಡಿಗ್ರಿ ಓರೆಗೆ ಬೆನ್ನ ಹಿಂದೆ ಇಡುವ ಫೋಮ್ ವೆಡ್ಜ್ ಸರ್ಜಿಕಲ್ ಅಂಗಡಿಯಲ್ಲಿ ಎರಡೂವರೆ ಸಾವಿರ. ಹಸುಗೂಸಿಗೆ ರಾಗಿ ದಿಂಬು ಮಾಡುತ್ತೀವಲ್ಲ, ಅದೇ ಲೆಕ್ಕದಲ್ಲಿ ದೊಡ್ಡ ರಾಗಿ ದಿಂಬು ಹೊಲಿಸಿದೆ. ಬೆನ್ನಿಗೆ ಎಷ್ಟು ಚೆನ್ನಾಗಿ ಕೂರುತ್ತೆ ಅಂದರೆ, ಜಾರಲ್ಲ, ಮೈಗೆ ತಕ್ಕ ಹಾಗೆ ಆಕಾರ ತಗೊಳ್ಳುತ್ತೆ, ರಾಗಿಗೆ ಹುಳುವೂ ಬೇಗ ಹತ್ತಲ್ಲ. ಆದರೆ ಯೂರಿನ್ ತಗಲಿದರೆ ಮುಗೀತು, ಐದು ಕೆಜಿ ರಾಗಿ ಎಸೆಯಬೇಕು. ಒಂದು ಮನೆಯ ಅಜ್ಜಿ ‘ಅನ್ನ ಎಸೀತೀಯಾ’ ಅಂತ ನನ್ನನ್ನು ತರಾಟೆಗೆ ತಗೊಂಡರು. ಈಗ ಕ್ಯಾಥೆಟರ್ (ಯೂರಿನ್ ಟ್ಯೂಬ್) ಇರುವವರಿಗೆ ಮಾತ್ರ ರಾಗಿ, ಉಳಿದವರಿಗೆ ಫೋಮ್. ಹಿಮ್ಮಡಿಗೆ ಅಂತೂ ಯಾವುದೂ ಬೇಡ, ಮೀನಖಂಡದ ಕೆಳಗೆ ದಿಂಬು ಇಟ್ಟು ಹಿಮ್ಮಡಿ ಗಾಳಿಯಲ್ಲಿ ತೇಲುವ ಹಾಗೆ ಬಿಟ್ಟರೆ ಸಾಕು. ಫೋಮ್ ವೆಡ್ಜನ್ನು ನನಗೆ ಆರುನೂರಕ್ಕೆ ಮಾಡಿಕೊಡುವವನು ಒಬ್ಬನಿದ್ದಾನೆ. ಅವನ ಅಂಗಡಿ ಎಲ್ಲಿ ಅಂತ ಹೇಳಲ್ಲ, ರೇಟ್ ಏರಿಸಿಬಿಡುತ್ತಾನೆ.

ಬಾಳೆಎಲೆಯೂ ನೋಡಿದೆ. ಸುಟ್ಟ ಗಾಯದವರನ್ನು ಬಾಳೆಎಲೆ ಮೇಲೆ ಮಲಗಿಸುವುದು ನಮ್ಮ ಕಡೆ ಹಳೇದೇ, ಅಂಟಲ್ಲ ಅಂತ. ಬೇಸಿಗೆಯಲ್ಲಿ ಬೆನ್ನಿಗೆ ತಂಪು ಅಂತ ಒಬ್ಬರಿಗೆ ಹಾಸಿದೆ. ಅವರಿಗೆ ಖುಷಿ. ನನಗಲ್ಲ. ದಿಂಡು ತೆಗೆದರೂ ಮಡಿಕೆ ಬೀಳುತ್ತೆ, ಬೆವರು ಅಲ್ಲೇ ನಿಲ್ಲುತ್ತೆ. ಬಿಟ್ಟೆ.

ಏರ್ ಬೆಡ್: ಗುಳ್ಳೆ ಗುಳ್ಳೆಯದ್ದು ಮೂರು ಸಾವಿರ ಆಸುಪಾಸು, ಪೈಪ್ ಥರದ್ದು ಎಂಟು ಹತ್ತು. ಕೊಳ್ಳಬೇಡಿ, ಬಾಡಿಗೆಗೆ ಸಿಗುತ್ತೆ. ಗಾಳಿ ಸಾಕಾ ಅಂತ ಬೆಡ್ ಅಡಿಗೆ ಅಂಗೈ ತೂರಿಸಿ ನೋಡದೆ ಹೊರಡಬೇಡಿ. ಮೂಳೆ ಕೈಗೆ ತಗಲಿದರೆ ಬೆಡ್ ಇದ್ದೂ ಇಲ್ಲದ ಹಾಗೆ. ಅದರ ಮೇಲೆ ಮೂರು ಮಡಿಕೆ ಕಂಬಳಿ, ರಬ್ಬರ್ ಶೀಟು ಹಾಕಿ ಮಲಗಿಸಿರುತ್ತಾರೆ, ಅದನ್ನೆಲ್ಲ ತೆಗೆಸಿ ಒಂದೇ ಶೀಟ್ ಉಳಿಸಬೇಕು.

ಒಬ್ಬರೇ ಇರುವಾಗ ಎಂಬತ್ತು ಕೆಜಿ ಮನುಷ್ಯನನ್ನು ಎಳೆಯದೆ ಮೇಲಕ್ಕೆ ಸರಿಸಲು ನನ್ನ ಹತ್ತಿರ ಎರಡು ಬಾತ್ ಟವಲಿನ ಒಂದು ಕಟ್ಟು ಇದೆ. ಅದನ್ನು ಬರೆದು ತಿಳಿಸಲು ಆಗಲ್ಲ, ಆದರೂ ಬರೆಯುತ್ತಿರಲಿಲ್ಲ. ನನ್ನ ಹೊಟ್ಟೆಪಾಡು ಅದರಲ್ಲೂ ಇದೆ.

ಎಲ್ಲ ಗಾಯವೂ ಮುಚ್ಚಲ್ಲ. ಕ್ಯಾನ್ಸರ್ ಕೊನೆ ಹಂತದಲ್ಲಿ ಇರುವವರಿಗೆ, ಊಟವೇ ಇಳಿಯದವರಿಗೆ ಮುಚ್ಚುವ ಮಾತು ಆಡಬಾರದು. ಅಲ್ಲಿ ಕೆಲಸ ಬೇರೆ. ನೋವು ಇರಬಾರದು, ವಾಸನೆ ಇರಬಾರದು. ವಾಸನೆಗೆ ಮೆಟ್ರೋನಿಡಜೋಲ್ ಮಾತ್ರೆ ಪುಡಿ ಮಾಡಿ ಗಾಯದ ಮೇಲೆ ಉದುರಿಸುವುದು ಪ್ಯಾಲಿಯೇಟಿವ್‌ನಲ್ಲಿ (ವಾಸಿಯಾಗದವರ ನೋವು ತಗ್ಗಿಸುವ ಆರೈಕೆ) ಇರುವವರಿಗೆಲ್ಲ ಗೊತ್ತು, ಡಾಕ್ಟರ್ ಒಪ್ಪಿಗೆ ತಗೊಂಡು ಮಾಡಿ. ಶ್ರೀನಗರದ ಒಂದು ಮನೆಯಲ್ಲಿ ವಾಸನೆಗೆ ಹೆದರಿ ಮೊಮ್ಮಕ್ಕಳು ಆ ರೂಮಿಗೇ ಹೋಗುತ್ತಿರಲಿಲ್ಲ. ನಾಲ್ಕೈದು ದಿನದಲ್ಲಿ ವಾಸನೆ ತಗ್ಗಿತು, ಒಬ್ಬ ಹುಡುಗ ಅಲ್ಲೇ ಕೂತು ಹೋಂವರ್ಕ್ ಮಾಡತೊಡಗಿದ. ಆ ಅಮ್ಮ ಮೂರು ವಾರ ಬದುಕಿದ್ದರು. ಗಾಯ ಒಂದು ಚೌಕವೂ ಇಳಿದಿರಲಿಲ್ಲ, ಆದರೂ ನಾನು ಅದನ್ನು ಗೆದ್ದ ಕೇಸುಗಳ ಕಡೆಯೇ ಬರೆದುಕೊಂಡಿದ್ದೇನೆ. ಮನೆಯಲ್ಲಿ ಕೈಮೀರಿದರೆ ಕರುಣಾಶ್ರಯದ ಕಡೆ ಹೇಳುತ್ತೇನೆ, ಕ್ಯಾನ್ಸರ್‌ನವರನ್ನು ದುಡ್ಡು ತಗೊಳ್ಳದೆ ನೋಡುವ ಜಾಗ. ಇಂಡಿಯನ್ ಅಸೋಸಿಯೇಷನ್ ಆಫ್ ಪ್ಯಾಲಿಯೇಟಿವ್ ಕೇರ್‌ನವರದ್ದು ನರ್ಸ್‌ಗಳೂ ಮಾಡಬಹುದಾದ ಸರ್ಟಿಫಿಕೇಟ್ ಕೋರ್ಸ್ ಇದೆ, ಮನೆ ಕೆಲಸಕ್ಕೆ ಇಳಿಯುವವರು ಮಾಡಿಕೊಳ್ಳಿ. ನನ್ನ ಓದಿನಲ್ಲೆಲ್ಲ ಜಾಸ್ತಿ ಉಪಯೋಗಕ್ಕೆ ಬಂದಿದ್ದು ಅದು.

ದುಡ್ಡಿನ ವಿಷಯ. ಈಗ ವಿಸಿಟ್‌ಗೆ 700, ಸಾಮಾನು ಬೇರೆ, ಬಿಲ್ ತೋರಿಸಿ. ಮೊದಲ ವಾರ ದಿನಾ, ಎರಡನೇ ವಾರ ದಿನ ಬಿಟ್ಟು ದಿನ, ಆಮೇಲೆ ವಾರಕ್ಕೆ ಎರಡು, ಕೊನೆಗೆ ಒಂದು. ಒಂದು ಮನೆಯಿಂದ ಬರುವ ದುಡ್ಡು ತಿಂಗಳಿಂದ ತಿಂಗಳಿಗೆ ಕಡಿಮೆ ಆಗುತ್ತಾ ಹೋಗುತ್ತೆ, ಕೋಆರ್ಡಿನೇಟರ್ ಹೇಳಿದ್ದು ಅಷ್ಟರಮಟ್ಟಿಗೆ ನಿಜ. ಅವನಿಗೆ ಗೊತ್ತಿಲ್ಲದ್ದು ಏನಂದರೆ, ಕಲಿತ ಸೊಸೆ ಸುಮ್ಮನಿರಲ್ಲ. ತವರಿಗೆ ಹೇಳುತ್ತಾಳೆ, ದೇವಸ್ಥಾನದಲ್ಲಿ ಹೇಳುತ್ತಾಳೆ. ಒಂದು ಮನೆ ಕಲಿತರೆ ಎರಡು ಮನೆ ಕರೆಯುತ್ತೆ. ತಿಂಗಳಿಗೆ ಅರುವತ್ತರಿಂದ ಎಪ್ಪತ್ತು ಸಾವಿರ ಬರುತ್ತೆ, ಪೆಟ್ರೋಲಿಗೆ ನಾಲ್ಕೈದು ಸಾವಿರ ಹೋಗುತ್ತೆ. ಆಷಾಢ, ಪಿತೃಪಕ್ಷ ಅಂತ ಹೊಸಬರು ಶುರು ಮಾಡಲ್ಲ, ಆಗ ಸ್ವಲ್ಪ ಡಲ್. ಗಾಯಕ್ಕೆ ಆಷಾಢ ಇಲ್ಲ ಅಂತ ಹೇಳಿ ನೋಡಿದ್ದೇನೆ, ಕೇಳಲ್ಲ. ನರ್ಸಿಂಗ್ ಕೌನ್ಸಿಲ್ ರಿಜಿಸ್ಟ್ರೇಷನ್ ಕಾಪಿ, ಡಾಕ್ಟರ್ ಚೀಟಿ ಎರಡೂ ಬ್ಯಾಗಲ್ಲೇ. ಚೀಟಿ ಇಲ್ಲದ ಇಂಜೆಕ್ಷನ್ ಎಷ್ಟು ಗೋಗರೆದರೂ ಕೊಡಲ್ಲ.

ಎರಡು ವರ್ಷದಿಂದ ಜೊತೆಗೆ ಒಬ್ಬರು ಸಿಸ್ಟರ್ ಇದ್ದಾರೆ, ಮಗು ಆದ ಮೇಲೆ ನೈಟ್ ಡ್ಯೂಟಿ ಆಗಲ್ಲ ಅಂತ ಆಸ್ಪತ್ರೆ ಬಿಟ್ಟವರು. ಅಜ್ಜಿಯರೆಲ್ಲ ಈಗ ಅವರ ಪಾಲು. ಪರದೆ ಆಚೆ ನಿಲ್ಲುವುದು ತಪ್ಪಿತು, ಆದರೆ ಅವರೂ ಬಾಯಲ್ಲಿ ಹೇಳಿಯೇ ಮಾಡಿಸುತ್ತಾರೆ. ಪೆಟ್ರೋಲ್ ದುಡ್ಡು ಯಾರ ಲೆಕ್ಕಕ್ಕೆ ಅನ್ನುವ ಜಗಳ ಮಾತ್ರ ತಿಂಗಳ ಕೊನೆಗೆ ತಪ್ಪದೆ ಇದ್ದದ್ದೇ.

ಈಗ ಗಿರಿನಗರದಲ್ಲಿ ಒಂದು ಕೇಸ್ ಬಂದಿದೆ. ಬೈಕ್ ಆಕ್ಸಿಡೆಂಟಲ್ಲಿ ಬೆನ್ನುಹುರಿ ಪೆಟ್ಟಾದ ಹುಡುಗ, ಇಪ್ಪತ್ತೆಂಟು ಇರಬಹುದು. ದಿನವಿಡೀ ವೀಲ್‌ಚೇರಲ್ಲಿ ಕೂತು ಲ್ಯಾಪ್‌ಟಾಪ್ ಕೆಲಸ, ಎರಡೂ ಇಶ್ಚಿಯಂ (ಕೂತಾಗ ಭಾರ ಬೀಳುವ ಮೂಳೆ) ಮೇಲೆ ಗ್ರೇಡ್ ಟೂ ಗಾಯ. ಅವನು ಕಾಫಿ ಕುಡಿಯಲ್ಲ, ಸೀರಿಯಲ್ ನೋಡಲ್ಲ, ಮನೆಯಲ್ಲಿ ದೀಪ ಹಚ್ಚುವವರೂ ಇಲ್ಲ. ಹಾಗಾಗಿ ಅವನ ಆಫೀಸ್ ಮೀಟಿಂಗ್‌ಗಳಿಗೆ ಕಟ್ಟಿ ನೋಡುತ್ತಿದ್ದೇನೆ. ಒಂದೊಂದು ಕಾಲ್ ಮುಗಿದಾಗಲೂ ಕ್ಯಾಮೆರಾ ಆಫ್ ಮಾಡಿ, ಮೊಣಕೈ ಮಂಡಿಗೆ ಊರಿ ಎರಡು ನಿಮಿಷ ಮುಂದಕ್ಕೆ ಬಾಗಬೇಕು. ದಿನಕ್ಕೆ ಎಂಟು ಹತ್ತು ಮೀಟಿಂಗ್ ಇರುತ್ತವಂತೆ, ಸೋಮವಾರ ಇನ್ನೂ ಜಾಸ್ತಿ. ಶನಿವಾರ ಭಾನುವಾರಕ್ಕೆ ಏನು ಮಾಡುವುದು ಅಂತ ಇನ್ನೂ ಹೊಳೆದಿಲ್ಲ. ಎರಡು ವಾರದ ಟ್ರೇಸಿಂಗ್ ಆಗಿದೆ, ಬಲಗಡೆ ಎರಡು ಮೂರು ಚೌಕ ಇಳಿದಿದೆ, ಎಡಗಡೆ ಅಷ್ಟೇ ಇದೆ.